ಬಸೂ ಕಾಕಾನ ತೂತಿನ ದೋಣಿ

ಮೊನ್ನೆ ಹೈದರಾಬಾದಿನ ನಮ್ಮ ಮಿಯಾಪುರದ ದೊಡ್ಡ ಅಂಗಡಿಯೊಂದರಲ್ಲಿ ನಾನು ಬಕೆಟ್ಟಿನೊಳಗೆ ತಲೆ ತೂರಿಸಿಕೊಂಡು ನಿಂತಿದ್ದೆ. ಹೀಗೆ ಬರೆದರೆ ನಿಮಗೆ ವಿಚಿತ್ರವಾಗಿ ಕಾಣಬಹುದು. ಅಲ್ಲಿದ್ದವರಿಗೂ ಹಾಗೇ ಕಂಡಿತು. ಬಕೆಟ್ಟನ್ನು ಮೇಲೆತ್ತಿ ಟ್ಯೂಬ್‌ಲೈಟಿಗೆ ಹಿಡಿದು, ಒಳಗಿನಿಂದ ತಳ ನೋಡಿ, ಎಲ್ಲಾದರೂ ಬೆಳಕಿನ ಚುಕ್ಕೆ ಇಣುಕುತ್ತಿದೆಯೇ ಎಂದು ಪರೀಕ್ಷಿಸುವುದು ನನ್ನ ಹಳೆಯ ಚಾಳಿ. ಅಂಗಡಿಯ ಹುಡುಗಿ ಓಡಿ ಬಂದು, "ಏಮೈಂದಿ ಮೇಡಂ?" ಎಂದಳು, ಏನಾಯಿತೆಂದು. ನನ್ನ ತಲೆ ಸಿಕ್ಕಿಕೊಂಡಿದೆಯೆಂದು ಅವಳಿಗೆ ಗಾಬರಿ. ನನ್ನ ಯಜಮಾನರು ಆಗಲೇ ಪಕ್ಕದ ಸಾಲಿಗೆ ಸರಿದು, ಇವಳ್ಯಾರೋ ತಾನ್ಯಾರೋ ಎಂಬಂತೆ ಸಾಬೂನಿನ ಮೇಲಿನ ಅಕ್ಷರ ಓದುತ್ತಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಚೆನ್ನಾಗಿ ಕಲಿತ ವಿದ್ಯೆ ಇದೊಂದೇ.

ಈ ಚಾಳಿ ನನಗೆ ಅಂಟಿದ್ದು ಬಸೂ ಕಾಕಾನಿಂದ. ಕಾಕಾ ಎಂದರೆ ಅಪ್ಪನ ತಮ್ಮ. ಬೇಗಂ ಬಜಾರಿನಲ್ಲಿ ಅವನದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಅಪ್ಪ ರೈಲ್ವೆಯಲ್ಲಿದ್ದರು, ನಮ್ಮ ಮನೆ ಮಲ್ಕಾಜ್‌ಗಿರಿಯಲ್ಲಿ. ಇಬ್ಬರೂ ವಿಜಾಪುರದ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. ಆದರೆ ಒಬ್ಬ ತಾಯಿಯ ಮಕ್ಕಳೆಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಅಪ್ಪ ಚಹಾ ಕುಡಿಯುವಾಗಲೂ ಗಡಿಯಾರ ನೋಡುವವರು. ಕಾಕಾ ಚಹಾದ ಜೊತೆಗೆ ನಾಲ್ಕು ಜನರನ್ನು ಕರೆದು ಕೂರಿಸಿಕೊಂಡು ಗಡಿಯಾರವನ್ನೇ ಮರೆಯುವವನು. ಅಪ್ಪನಿಗೆ ನಾವು ಬಹುವಚನ ಬಳಸುತ್ತಿದ್ದೆವು, ಕಾಕಾನನ್ನು ಏಕವಚನದಲ್ಲೇ ಜಗ್ಗಾಡುತ್ತಿದ್ದೆವು. ಇಲ್ಲಿಯೂ ಹಾಗೇ ಬರೆಯುತ್ತೇನೆ, ಇಲ್ಲದಿದ್ದರೆ ಅವನು ಬೇರೆ ಯಾರೋ ಅನ್ನಿಸಿಬಿಡುತ್ತಾನೆ.

ನಾನಾಗ ಕೋಠಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಹೈದರಾಬಾದು ಇಡೀ ಆಂಧ್ರಕ್ಕೆ ರಾಜಧಾನಿಯಾಗಿದ್ದ ಕಾಲ ಅದು. ಮೆಟ್ರೋ ಎಂಬ ಮಾತೇ ಇರಲಿಲ್ಲ, ಮಿಯಾಪುರವೆಂದರೆ ಊರಾಚೆಯ ಬಯಲು. ಕಾಲೇಜು ಬಿಟ್ಟರೆ ಕಾಕಾನ ಅಂಗಡಿ ಹತ್ತಿರ. ಅಂಗಡಿಯ ಮೇಲೆಯೇ ಮನೆ, ಮನೆಯಲ್ಲಿ ಅವನ ಹೆಂಡತಿ ನೀಲಾ ಕಾಕು, ಕಾಕುವಿನ ಡಬ್ಬಿಯಲ್ಲಿ ಶೇಂಗಾ ಉಂಡಿ. ಲೈಬ್ರರಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ನಾನು ಎಷ್ಟು ಉಂಡಿ ತಿಂದಿದ್ದೇನೆಂದು ಆ ಡಬ್ಬಿಗೇ ಗೊತ್ತು.

ಕಾಕಾನ ಅಂಗಡಿಗೆ ಒಂದು ಕಟ್ಟಳೆ ಇತ್ತು. ತಾನು ಬಳಸಿ ನೋಡದ ಸಾಮಾನನ್ನು ಅವನು ಮಾರುತ್ತಿರಲಿಲ್ಲ. ಇದನ್ನು ಬೋರ್ಡಿನ ಮೇಲೆ ಬರೆಸಿಯೂ ಇದ್ದ, ತೆಲುಗಿನಲ್ಲಿ, ಉರ್ದುವಿನಲ್ಲಿ, ಕೆಳಗೆ ಕನ್ನಡದಲ್ಲಿ. ಆ ಗಲ್ಲಿಯಲ್ಲಿ ಕನ್ನಡ ಓದುವವರು ನಾವು ಬಿಟ್ಟರೆ ಯಾರೂ ಇರಲಿಲ್ಲ. ಕೇಳಿದರೆ, "ನಮಗ ನೆನಪಿರಬೇಕಲ್ಲ" ಎನ್ನುತ್ತಿದ್ದ. ಹೊಸ ಸ್ಟೂಲು ಬಂದರೆ ಮೊದಲು ಕಾಕಾ ಅದರ ಮೇಲೆ ಹತ್ತಿ ಕುಣಿಯಬೇಕು. ಅವನ ಗಾತ್ರ ತಡೆದ ಸ್ಟೂಲು ಊರಲ್ಲಿ ಯಾರನ್ನಾದರೂ ತಡೆಯುತ್ತಿತ್ತು. ಊಟದ ಡಬ್ಬಿ ಬಂದರೆ ಸಾರು ತುಂಬಿ ತಲೆಕೆಳಗಾಗಿ ಹಿಡಿದು ಚಾರ್‌ಮಿನಾರ್‌ವರೆಗೆ ಹೋಗಿ ಬರುತ್ತಿದ್ದ. ಒಮ್ಮೆ ಕೂಸುಗಳನ್ನು ಸ್ನಾನಕ್ಕೆ ಕೂರಿಸುವ ಕುರ್ಚಿ ಬಂತು. ಬೇಡ ಬೇಡ ಅಂದರೂ ಕೇಳದೆ ಕೂತ. ಆಮೇಲೆ ಎದುರಂಗಡಿಯ ಖಾಜಾ ಭಾಯಿ ಮತ್ತು ಅವರ ಹಮಾಲಿಗಳು ಸೇರಿ ಅವನನ್ನು ಅದರಿಂದ ಬಿಡಿಸಬೇಕಾಯಿತು. ಎದ್ದವನೇ ಸೊಂಟ ಸವರಿಕೊಂಡು, "ಮಜಬೂತ್ ಐತಿ" ಎಂದು ತೀರ್ಪು ಕೊಟ್ಟ.

ಬಕೆಟ್ಟಿನ ಪರೀಕ್ಷೆ ಎರಡು ಹಂತದ್ದು. ಮೊದಲು ಬೆಳಕಿಗೆ ಹಿಡಿಯಬೇಕು. ಆಮೇಲೆ ನೀರು ತುಂಬಿ ಇಟ್ಟು, ಸಂಜೆ ಬಂದು ಕೆಳಗಿನ ಕಲ್ಲು ಒದ್ದೆಯಾಗಿದೆಯೇ ನೋಡಬೇಕು. ಎರಡರಲ್ಲೂ ಪಾಸಾದರೆ ಗಿರಾಕಿಗೆ ಕೊಡುವಾಗ ಕಾಕಾ ಗತ್ತಿನಿಂದ ಹೇಳುತ್ತಿದ್ದ, "ಫೂಟೇ ತೋ ವಾಪಸ್ ಲಾವ್!" ಒಡೆದರೆ ತಿರುಗಿ ತಾ. ತೂತು ಎಂಬ ಶಬ್ದವನ್ನು ಆ ಅಂಗಡಿಯಲ್ಲಿ ಬೈಗುಳದಂತೆ ಆಡುತ್ತಿದ್ದರು.

ಇಂಥ ಶೂರನಿಗೆ ಒಂದೇ ಒಂದು ಭಯ ಇತ್ತು, ನೀರಿನದು. ಅದರಲ್ಲಿ ಅವನ ತಪ್ಪೇನೂ ಇಲ್ಲ. ನಮ್ಮ ಊರಿನಲ್ಲಿ ನೀರನ್ನು ಕೊಡದಲ್ಲಿ ನೋಡಬೇಕು, ಬಿಟ್ಟರೆ ಬಾವಿಯ ತಳದಲ್ಲಿ ಬಗ್ಗಿ ನೋಡಬೇಕು. ನಮ್ಮ ವಂಶದಲ್ಲಿ ಈಜು ಬಂದವರು ಒಬ್ಬರೂ ಇಲ್ಲ, ಮುಳುಗಿದವರೂ ಇಲ್ಲ, ಎರಡಕ್ಕೂ ಬೇಕಾಗುವಷ್ಟು ನೀರೇ ಇರಲಿಲ್ಲ. ಹಾಗೆ ಬಂದವನು ಊರ ನಡುವಿನ ಹುಸೇನ್ ಸಾಗರ ಕೆರೆಯ ಕಡೆ ಮುಖ ಹಾಕುತ್ತಿರಲಿಲ್ಲ. ಮಲ್ಕಾಜ್‌ಗಿರಿಗೆ ನಮ್ಮ ಮನೆಗೆ ಬರುವಾಗ ಕೆರೆ ದಂಡೆಯ ಟ್ಯಾಂಕ್‌ಬಂಡ್ ಮೇಲೆ ಹೋಗುವ ಬಸ್ಸು ಬಂದರೆ ಬಿಟ್ಟುಬಿಡುತ್ತಿದ್ದ. ಸುತ್ತಿ ಬಳಸಿ ಹೋಗುವ ಬಸ್ಸಿಗಾಗಿ ಕಾಯುತ್ತಾ ಕೂತು, ನಾವೆಲ್ಲ ಊಟ ಮಾಡಿ ಕೈ ತೊಳೆಯುವ ಹೊತ್ತಿಗೆ ಬರುತ್ತಿದ್ದ. "ಬಸ್ಸು ತಡ ಆತು" ಎಂದು ಅವನು ಹೇಳಿದಾಗ ಅಪ್ಪ ಗಡಿಯಾರ ನೋಡಿ ಮುಗುಳ್ನಗುತ್ತಿದ್ದರು.

ಇಂಥವನ ಅಂಗಡಿಗೆ ಒಂದು ಮಧ್ಯಾಹ್ನ ಲಾರಿಯಲ್ಲಿ ದೋಣಿಗಳು ಬಂದವು.

ನಡೆದದ್ದು ಇಷ್ಟು. ಊರಾಚೆ ನೀರಿನ ಟ್ಯಾಂಕು ಮಾಡುವ ಕಾರ್ಖಾನೆಯೊಂದಿತ್ತು. ಕಾಕಾ ಅಲ್ಲಿಂದ ಡ್ರಮ್ಮುಗಳನ್ನು ತರಿಸುತ್ತಿದ್ದ. ಯಾವುದೋ ಪರದೇಶದ ಕಂಪನಿ ಆ ಕಾರ್ಖಾನೆಗೆ ಕಯಾಕುಗಳನ್ನು ಮಾಡಿಕೊಡಿ ಎಂದು ಹೇಳಿ, ಅಚ್ಚಿನಿಂದ ಮೊದಲ ಒಬ್ಬೆ ಹೊರಬರುವ ಹೊತ್ತಿಗೆ ಬೇಡ ಅಂದಿತು. ಕಯಾಕು ಎಂದರೆ ಒಬ್ಬರು ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರು ಎಳೆಯುತ್ತ ಹೋಗುವ ಸಪೂರ ದೋಣಿ. ಮಾಮೂಲಿ ಕಯಾಕಿನಲ್ಲಿ ಕಾಲನ್ನು ಒಳಗೆ ತೂರಿಸಿ ಕೂರಬೇಕು. ಇದು ಹಾಗಲ್ಲ, ಮುಚ್ಚಿದ ಟೊಳ್ಳು ದೋಣಿ. ಅದರ ಬೆನ್ನಿನ ಮೇಲೆ ಹಳ್ಳ ಮಾಡಿದ ಜಾಗದಲ್ಲಿ ಕೂರುವುದು. ಕಾರ್ಖಾನೆಯವರು ಡ್ರಮ್ಮುಗಳ ಜೊತೆ ಇವನ್ನೂ ಹೇರಿ, "ಸೇಠ್, ನೀವು ಏನು ಬೇಕಾದರೂ ಮಾರ್ತೀರಿ" ಎಂದು ಹುರಿದುಂಬಿಸಿ ಕಳಿಸಿದ್ದರು. ಕಾಕಾ ಹೊಗಳಿಕೆಗೆ ಬಗ್ಗುವ ಮನುಷ್ಯ.

ಕಿತ್ತಳೆ, ಗಿಳಿಹಸಿರು, ಅರಿಶಿನ ಬಣ್ಣದ ಆ ಉದ್ದನೆಯ ವಸ್ತುಗಳನ್ನು ಹಮಾಲಿಗಳು ಇಳಿಸುವಾಗ ಗಲ್ಲಿಯಲ್ಲಿ ರಿಕ್ಷಾಗಳೆಲ್ಲ ನಿಂತವು. ಖಾಜಾ ಭಾಯಿ ತಮ್ಮ ಹಿತ್ತಾಳೆ ಪಾತ್ರೆಗಳ ನಡುವಿನಿಂದ ಎದ್ದು ಬಂದರು. ಕನ್ನಡಕ ಏರಿಸಿ ನೋಡಿ, "ಕ್ಯಾ ಮಂಗಾಯೇ ಸೇಠ್? ಹಾಥಿ ಕೇ ಜೂತೇ?" ಎಂದರು. ಆನೆಯ ಬೂಟೇ ಇರಬೇಕು ಎಂದು ನನಗೂ ಒಂದು ಕ್ಷಣ ಅನ್ನಿಸಿತು.

ಕಾಕಾ ನಕ್ಕು, ಒಂದು ದೋಣಿಯನ್ನು ಎತ್ತಿಸಿ ಬೆಳಕಿಗೆ ಹಿಡಿಸಿದ. ನಗು ನಿಂತೇಹೋಯಿತು.

ದೋಣಿಯಲ್ಲಿ ತೂತು. ಒಂದಲ್ಲ, ಕೂರುವ ಹಳ್ಳದಲ್ಲಿ ಅತ್ತಿತ್ತ, ಕಾಲಿಡುವ ಕಡೆ ಅತ್ತಿತ್ತ, ಹೆಬ್ಬೆರಳು ಆರಾಮವಾಗಿ ಹೋಗುವಂಥ ತೂತುಗಳು. ಮೇಲಿನಿಂದ ಕೆಳಗಿನವರೆಗೆ ಆರಪಾರ, ಆಚೆ ನಿಂತ ಖಾಜಾ ಭಾಯಿಯ ಗಡ್ಡ ಕಾಣುತ್ತಿತ್ತು. ಎರಡನೆಯದನ್ನು ಎತ್ತಿಸಿದ, ಅದರಲ್ಲೂ ತೂತು. ಎಲ್ಲದರಲ್ಲೂ. ಕಾಕಾ ಕಾರ್ಖಾನೆಗೆ ಫೋನು ಹಚ್ಚಿ ಇಡೀ ಬಜಾರಿಗೆ ಕೇಳುವಂತೆ ಕೂಗಾಡಿದ. ಆ ಕಡೆಯಿಂದ ಬಂದ ಉತ್ತರವನ್ನು ನಮಗೆ ಹೇಳುವಾಗ ಅವನ ಮೂಗು ಅರಳಿತ್ತು. "ಕೇಳ್ರಿಲ್ಲಿ! ತೂತು ಬೇಕಂತಲೇ ಬಿಟ್ಟಾರಂತ. ಡಿಜಾಯಿನ್ ಅಂತ ಅದು! ನನಗ ಹೇಳ್ತಾನ, ಬಕೀಟ್ ಮಾರವನಿಗೆ!"

ತೂತು ಬಿದ್ದ ಮಾಲನ್ನು ಡಿಜೈನ್ ಎಂದು ಸಾಗಹಾಕುವ ಸಪ್ಲಾಯರುಗಳನ್ನು ಕಾಕಾ ಬಹಳ ನೋಡಿದ್ದ. ಹಾಗೆಂದು ಮಾಲು ವಾಪಸು ಕಳಿಸುವ ಪೈಕಿಯೂ ಅಲ್ಲ. ಡ್ರಮ್ಮಿಗೆ ಹಾಕುವ ರಬ್ಬರಿನ ಬೂಚುಗಳು ಅಂಗಡಿಯಲ್ಲೇ ರಾಶಿ ಇದ್ದವು. ಪ್ರತಿ ತೂತಿಗೂ ಮೇಲಿನಿಂದ ಬೂಚು ಬಡಿದು, ಸುತ್ತ ಮೇಣ ಕಾಯಿಸಿ ಹಾಕಿದ. ಒಂದು ದೋಣಿಯನ್ನು ಮಾಳಿಗೆಗೆ ಏರಿಸಿ, ಕಾಕು ಹಪ್ಪಳ ಒಣಹಾಕುವ ಜಾಗದಲ್ಲಿಟ್ಟು, ಕೂರುವ ಹಳ್ಳಕ್ಕೆ ಕೊಡಗಟ್ಟಲೆ ನೀರು ತುಂಬಿಸಿದ. ಸಂಜೆ ನಾವೆಲ್ಲ ಸುತ್ತ ನಿಂತು ನೋಡಿದೆವು. ಕೆಳಗಿನ ಕಲ್ಲು ಒಣಒಣ. ಕಾಕಾನಿಗೆ ಮೂರು ಲೋಕ ಗೆದ್ದ ಖುಷಿ.

ಈಗ ನಿಧಾನವಾಗಿ ಯೋಚಿಸಿ. ದೋಣಿಯ ಗುಣವನ್ನು ಪರೀಕ್ಷಿಸಲು ದೋಣಿಯೊಳಗೆ ನೀರು ತುಂಬುವುದು! ಅಲ್ಲಿ ರೈಲ್ವೆಯ ಶಿಸ್ತಿನ ಮನುಷ್ಯ ನಮ್ಮ ಅಪ್ಪ ಇದ್ದರು, ತಲೆ ಆಡಿಸಿದರು. ಖಾಜಾ ಭಾಯಿ ಇದ್ದರು, "ಏಕ್ ಬೂಂದ್ ಬೀ ನಹೀಂ ಗಿರಾ" ಒಂದು ಹನಿಯೂ ಬಿದ್ದಿಲ್ಲ ಎಂದು ಮೆಚ್ಚಿದರು. ತೇಲುವ ವಸ್ತುಗಳ ನಿಯಮವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬಂದಿದ್ದ ನಾನೂ ಇದ್ದೆ, ಚಪ್ಪಾಳೆ ತಟ್ಟಿದೆ. ಕಾಕು ಮಾತ್ರ, "ನನ್ನ ಹಪ್ಪಳ ಎಲ್ಲಿ ಹಾಕ್ಲಿ?" ಎಂದಳು. 

ಇನ್ನು ಮಾರುವ ಮಾತು. ಇಲ್ಲಿ ನಾನು ದಾರಿ ಬಿಟ್ಟು ಸ್ವಲ್ಪ ಅಲೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈಚೆಗೆ ನನ್ನ ಫೋನಿನಲ್ಲಿ ಕಯಾಕುಗಳ ಜಾಹೀರಾತು ಬರುತ್ತವೆ. ನಾನು ಯಾವತ್ತೋ ಒಮ್ಮೆ ಹುಡುಕಿದ್ದನ್ನು ಅದು ಮರೆತಿಲ್ಲ. ಎಂತೆಂಥ ರೂಪಗಳು! ಮಡಚಿ ಸೂಟ್‌ಕೇಸಿನಂತೆ ಒಯ್ಯುವ ಕಯಾಕು, ಗಾಜಿನ ಹಾಗೆ ತಳ ಕಾಣುವ ಕಯಾಕು, ಸೈಕಲ್ಲಿನಂತೆ ಪೆಡಲು ತುಳಿಯುವುದು, ಎರಡು ದೋಣಿ ಜೋಡಿಸಿ ನಡುವೆ ಕುದುರೆಯ ಮೇಲೆ ಕೂತಂತೆ ಕೂರುವುದು. ಎಲ್ಲ ಜಾಹೀರಾತಿನಲ್ಲೂ ಒಬ್ಬ ಗಡ್ಡದವನು, ಮುಂದೆ ಒಂದು ನಾಯಿ, ಹಿಂದೆ ಮುಳುಗುವ ಸೂರ್ಯ. ಅವನು ಹುಟ್ಟು ಹಾಕುವುದನ್ನು ನಾನು ಈವರೆಗೆ ನೋಡಿಲ್ಲ, ಸುಮ್ಮನೆ ದಿಗಂತ ನೋಡುತ್ತಾನೆ. ಕೆಳಗೆ ಬರೆದಿರುತ್ತದೆ, ಇದು ಎಲ್ಲರಿಗೂ ಅಲ್ಲ. ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಇದು ಎಲ್ಲರಿಗೂ ಅಲ್ಲ ಎಂದು ಬೇಗಂ ಬಜಾರಿನಲ್ಲಿ ಯಾರಾದರೂ ಅಂದರೆ ಅಕ್ಕಪಕ್ಕದವರು ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಎಲ್ಲವೂ ಎಲ್ಲರಿಗೂ. ಕಾಕಾ ದೋಣಿಗಳನ್ನು ಅಂಗಡಿ ಮುಂದೆ ಗೋಡೆಗೆ ಆನಿಸಿ, ಒಂದೊಂದಕ್ಕೂ ಚೆಂಡು ಹೂವಿನ ಸರ ಹಾಕಿ ಕೂಗುತ್ತಿದ್ದ, "ಆವೋ ದೇಖೋ! ಜನಾನಾ, ಮರ್ದಾನಾ, ಸಬ್ ಕೇ ವಾಸ್ತೇ! ಡೂಬೇ ತೋ ವಾಪಸ್ ಲಾವ್!"

ಖಾಜಾ ಭಾಯಿ ಗಡ್ಡ ನೀವಿಕೊಂಡು, "ಡೂಬೇ ತೋ ವಾಪಸ್ ಕೌನ್ ಲಾತಾ ಮಿಯಾ?" ಎಂದು ಕೇಳಿದರು. ಮುಳುಗಿದರೆ ತಿರುಗಿ ತರುವವರು ಯಾರು? ಕಾಕಾ ಅದನ್ನು ಯೋಚಿಸಿರಲಿಲ್ಲ.

ನನ್ನ ಪಾಲಿನ ಸೇವೆಯೂ ಸಂದಿತು. ಕಾಲೇಜು ಓದುವ ಹುಡುಗಿಯೆಂದು ಇಂಗ್ಲಿಷಿನಲ್ಲಿ ಒಂದು ಕರಪತ್ರ ಬರೆಯಲು ಹೇಳಿದ. ನಾನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು, ಸರೋವರದ ಶಾಂತ ವಕ್ಷಸ್ಥಲದ ಮೇಲೆ ವಿಹರಿಸುವ ಸಾಹಸಿಗಳೇ ಎಂದು ಶುರುಮಾಡಿ, ಬೆಳದಿಂಗಳು, ಹಂಸ, ಅಲೆಗಳ ಜೋಗುಳ ಎಲ್ಲವನ್ನೂ ತುಂಬಿಸಿ ಒಂದು ಪುಟ ಬರೆದೆ. ಕಾಕಾ ನನ್ನಿಂದಲೇ ಓದಿಸಿ, ಅರ್ಥ ಹೇಳಿಸಿಕೊಂಡು, ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ, "ಭಾಳ ಚಂದ ಬರದೀ ಸುಮಿ. ಆದ್ರ ಇದರಾಗ ಅಂಗಡಿ ಹೆಸರು ಎಲ್ಲೈತವಾ?" ಎಂದ. ನಾನು ಅದನ್ನು ಹಾಕುವುದನ್ನೇ ಮರೆತಿದ್ದೆ. ದೋಣಿ ಎಂಬ ಪದವೂ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಗಿರಾಕಿಗಳು ಬಾರದೆ ಇರಲಿಲ್ಲ. ಟಾಂಗಾದವನೊಬ್ಬ ಕುದುರೆಗೆ ನೀರು ಕುಡಿಸಲು ಕೇಳಿದ. ಮದುವೆ ಅಡಿಗೆಯವರು ಅಕ್ಕಿ ತೊಳೆಯಲು ಕೇಳಿದರು. ಶರಬತ್ತಿನವನು ಐಸು ತುಂಬಿಡಲು ಕೇಳಿದ. ಬೇರೆಯವರಾದರೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಕಾಕಾ ಒಪ್ಪಲಿಲ್ಲ. "ಬೋಟ್ ಅಂದ್ರ ಬೋಟ್ ಅಂತ ಮಾರಬೇಕು. ಅದನ್ನ ಗ್ವಾದಲಿ ಅಂತ ಮಾರಿದ್ರ ಅದರ ಮರ್ಯಾದಿ ಏನ್ ಉಳೀತು?" ಗ್ವಾದಲಿ ಎಂದರೆ ದನಕ್ಕೆ ಮೇವು ಹಾಕುವ ಕಟ್ಟೆ. ವಸ್ತುಗಳಿಗೂ ಮರ್ಯಾದೆ ಇದೆಯೆಂದು ನಂಬಿದ್ದ ವ್ಯಾಪಾರಿ ಅವನು. ಅದಕ್ಕೇ ಅವನೆಂದರೆ ನನಗೆ ಈಗಲೂ ಅಷ್ಟು ಪ್ರೀತಿ.

ಆಗ ಬಂದರು ಮೇಜರ್ ಸಾಹೇಬರು. ಸೈನ್ಯದಿಂದ ನಿವೃತ್ತರಾಗಿ ಹುಸೇನ್ ಸಾಗರದಲ್ಲಿ ಹುಡುಗ ಹುಡುಗಿಯರಿಗೆ ದೋಣಿ ನಡೆಸುವುದನ್ನು ಕಲಿಸುತ್ತಿದ್ದವರು. ನೈಲಾನ್ ಹಗ್ಗ ಕೊಳ್ಳಲು ಬಂದವರು ಹೂವಿನ ಸರ ಹಾಕಿಕೊಂಡು ನಿಂತ ದೋಣಿಗಳನ್ನು ನೋಡಿ ಬೆರಗಾದರು. ಸುತ್ತಲೂ ನಡೆದು, ಬೆರಳಿನಿಂದ ಬಡಿದು, ಇಂಥದ್ದನ್ನು ಚಿತ್ರದಲ್ಲಷ್ಟೇ ನೋಡಿದ್ದೆ ಎಂದರು. ಹೊಸದಾಗಿ ಕಲಿಯುವ ಮಕ್ಕಳಿಗೆ ಇದು ಒಳ್ಳೆಯದಂತೆ, ಮಗುಚಿದರೂ ಒಳಗೆ ಸಿಕ್ಕಿಕೊಳ್ಳುವ ಭಯವಿಲ್ಲವಂತೆ. ಹೂವು ಮರೆಮಾಡಿದ್ದರಿಂದಲೋ ಏನೋ, ಬೂಚುಗಳು ಅವರ ಕಣ್ಣಿಗೆ ಬೀಳಲಿಲ್ಲ. ಕಾಕಾನ ಮುಖ ಅರಳುತ್ತಿತ್ತು. ಅಷ್ಟರಲ್ಲಿ ಸಾಹೇಬರು ತಲೆ ಎತ್ತಿ ಬೋರ್ಡು ಓದಿದರು. ಓದಿ, ಬಹಳ ಸೌಜನ್ಯದಿಂದ ಕೇಳಿದರು, "ಸೇಠ್‌ಜೀ, ಆಪ್ ಖುದ್ ಇಸ್ ಮೇ ಬೈಠೇ ಹೈಂ?"

ನೀವು ಸ್ವತಃ ಇದರಲ್ಲಿ ಕೂತಿದ್ದೀರಾ? ಕಾಕಾ ಮಾಳಿಗೆಯಲ್ಲಿ ನೀರು ತುಂಬಿ ನೋಡಿದ್ದೇನೆ ಎನ್ನಬಹುದಿತ್ತು. ಇಲ್ಲ ಎಂದು ನಕ್ಕುಬಿಡಬಹುದಿತ್ತು. ಅವನು ಒಮ್ಮೆ ಬೋರ್ಡು ನೋಡಿದ, ಒಮ್ಮೆ ನನ್ನನ್ನು ನೋಡಿದ, ಆಮೇಲೆ ಸಣ್ಣ ದನಿಯಲ್ಲಿ, "ಇತವಾರ ಬರ್ತೀನಿ ಸಾಬ್. ಆಪ್ ಕೇ ಸಾಮ್ನೇಚ್ ಬೈಠ್ತೂಂ" ಎಂದ. ಭಾನುವಾರ ನಿಮ್ಮೆದುರಿಗೇ ಕೂರುತ್ತೇನೆ.

ಸಾಹೇಬರು ಹೋದ ಮೇಲೆ ಕಾಕು ಮಹಡಿಯಿಂದ ಇಳಿದು ಬಂದಳು. "ಹುಚ್ಚ ಹಿಡದೈತೇನ್ರಿ? ಬಸ್ಸಿನಾಗ ಕುಂತು ಕೆರಿ ನೋಡಾಕ ಆಗಂಗಿಲ್ಲ ನಿಮಗ!"

"ಕುಂಡ್ರಲಿಲ್ಲಂದ್ರ ಆ ಬೋರ್ಡ್ ತಗದ ಒಗೀಬೇಕಾಕೈತಿ ನೀಲಾ."

"ತಗೀರಿ! ಬೋರ್ಡ್ ದೊಡ್ಡದೋ ಜೀವ ದೊಡ್ಡದೋ?"

ಕಾಕಾ ಸ್ಟೂಲು ಹತ್ತಿ ಬೋರ್ಡಿನ ಧೂಳು ಒರೆಸಿದ. ನಮಗೆಲ್ಲ ತಿಳಿಯಿತು, ಅವನ ಮಟ್ಟಿಗೆ ಆ ಬೋರ್ಡು ಇಳಿದರೆ ಅಂಗಡಿಯೇ ಇಳಿದ ಹಾಗೆ.

ಆ ವಾರ ಮಾಳಿಗೆಯ ಮೇಲೆ ತಾಲೀಮು. ಕಾಕಾ ದಿನವೂ ಅಂಗಡಿ ಮುಚ್ಚಿ ಬಂದು ಒಣ ದೋಣಿಯಲ್ಲಿ ಕೂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಗಾಳಿಯನ್ನು ಎಳೆಯುತ್ತಿದ್ದ. ಅಕ್ಕಪಕ್ಕದ ಮಾಳಿಗೆಗಳಲ್ಲಿ ಗಾಳಿಪಟ ಬಿಡುವುದನ್ನು ನಿಲ್ಲಿಸಿ ಜನ ನೋಡುತ್ತಿದ್ದರು. "ಕಹಾಂ ತಕ್ ಪೊಹಂಚೇ ಸೇಠ್?" ಎಲ್ಲಿಗೆ ಮುಟ್ಟಿದಿರಿ ಎಂದು ಯಾರೋ ಕೂಗಿದರೆ, ಕಾಕಾ ಹುಟ್ಟು ಎತ್ತಿ, ಪಕ್ಕದ ಪೇಟೆಯ ಹೆಸರು ಹಿಡಿದು, "ಅಫ್ಜಲ್‌ಗಂಜ್!" ಎನ್ನುತ್ತಿದ್ದ. ಒಂದು ದಿನ ಅಲ್ಲೇ ಚಹಾ ಕುಡಿದು ಅಲ್ಲೇ ನಿದ್ದೆ ಹೋದ. ಕಾಕು ಅವನಿಗೆ ದುಪ್ಪಟಿ ಹೊದಿಸಿ, ಅವನ ಕಾಲ ಬಳಿ ಉಳಿದ ಜಾಗದಲ್ಲಿ ಸಂಡಿಗೆಯ ತಟ್ಟೆ ಇಟ್ಟು ಬಂದಳು.

ಭಾನುವಾರ ಬೆಳಿಗ್ಗೆ ದೋಣಿಯನ್ನು ಟೆಂಪೋದ ಮೇಲೆ ಕಟ್ಟಿಕೊಂಡು ನಾವೆಲ್ಲ ಹೊರಟೆವು. ಕಾಕು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಕಟ್ಟಿಕೊಂಡಿದ್ದಳು. ಖಾಜಾ ಭಾಯಿ ಶೇರ್ವಾನಿ ತೊಟ್ಟು ಬಂದಿದ್ದರು, ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ಅಪ್ಪ ದೋಣಿಯ ಹಿಂದಿನ ಕೊಂಡಿಗೆ ಉದ್ದನೆಯ ಹಗ್ಗ ಕಟ್ಟಿ, ಗಂಟನ್ನು ಮತ್ತೆ ಮತ್ತೆ ಎಳೆದು ನೋಡಿ, ಇನ್ನೊಂದು ತುದಿಯನ್ನು ತಮ್ಮ ಕೈಗೆ ಸುತ್ತಿಕೊಂಡರು. ತಮ್ಮನ ಜೀವವನ್ನು ಅವರು ಬೇರೆ ಯಾರ ಕೈಗೂ ಕೊಡುವವರಲ್ಲ. ಕಾಕಾ ಧೋತರ ಮೇಲೆ ಕಟ್ಟಿ, ಟೊಪ್ಪಿಗೆ ಇಟ್ಟು, ಮೇಜರ್ ಸಾಹೇಬರು ಕೊಟ್ಟ ತೇಲುವ ಜಾಕೀಟು ತೊಟ್ಟು, ಸಾಲದೆಂದು ಲಾರಿಯ ಟ್ಯೂಬನ್ನು ಕೊರಳಿಗೂ ಹಾಕಿಕೊಂಡ. ಕಣ್ಣು ಮುಚ್ಚಿ ಬಸವಣ್ಣನನ್ನು ನೆನೆದು ಕೂತ. ಸಾಹೇಬರ ಹುಡುಗರು ದೋಣಿಯನ್ನು ಮೆಲ್ಲಗೆ ನೀರಿಗೆ ತಳ್ಳಿದರು.

ದೋಣಿ ತೇಲಿತು! ನಾವು ಕೂಗಿದ ಕೂಗಿಗೆ ಟ್ಯಾಂಕ್‌ಬಂಡ್ ಮೇಲೆ ವಾಕಿಂಗ್ ಹೊರಟವರೆಲ್ಲ ನಿಂತರು. ಕಾಕಾ ಕಣ್ಣು ತೆರೆದು, ಮಾಳಿಗೆಯಲ್ಲಿ ಕಲಿತಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹುಟ್ಟು ಹಾಕಿದ. ಮಾಳಿಗೆಯ ಗಾಳಿ ಅವನ ಮೇಲೆ ಬಿದ್ದಿರಲಿಲ್ಲ. ಇಲ್ಲಿ ಪ್ರತಿ ಏಟಿಗೂ ಹುಟ್ಟಿನಿಂದ ನೀರು ಮಡಿಲಿಗೆ ಸುರಿಯಿತು. ಅಷ್ಟರಲ್ಲಿ ಮೋಟಾರು ದೋಣಿಯೊಂದು ಹಾದುಹೋಗಿ ಅಲೆ ಎಬ್ಬಿಸಿತು. ಹಳ್ಳ ತುಂಬಿತು. ಕಾಕಾ ಸೊಂಟದವರೆಗೆ ನೀರಲ್ಲಿ ಕೂತಿದ್ದ. ನೀರು ಅತ್ತ ವಾಲಿದರೆ ದೋಣಿಯೂ ಅತ್ತ, ಇತ್ತ ವಾಲಿದರೆ ಇತ್ತ.

"ತೂತು! ಎಲ್ಲೋ ತೂತು ಬಿದ್ದೈತೋ ಅಣ್ಣಾ!" ಎಂದು ಕಾಕಾ ಕಿರುಚಿದ.

ಅಪ್ಪ ಹಗ್ಗ ಎಳೆಯತೊಡಗಿದರು. ಎಳೆದಷ್ಟೂ ದೋಣಿ ತೊನೆಯಿತು.  ಸಾಹೇಬರು, "ಖೀಂಚೋ ಮತ್!" ಎಂದು ಕೂಗಿ ಅಪ್ಪನನ್ನು ತಡೆದು, ಹುಬ್ಬು ಗಂಟಿಕ್ಕಿ, ಈ ದೋಣಿಯಲ್ಲಿ ನೀರು ಹೋಗಲು ದಾರಿ ಇರಬೇಕಿತ್ತಲ್ಲ ಎಂದರು. ನಾನು ಬೂಚಿನ ವಿಷಯ ಹೇಳಿದೆ. ಅವರು ಹಣೆಗೆ ಕೈ ಹಚ್ಚಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಕಾಕುವಿಗೆ ಅರ್ಥವಾಗಿತ್ತು. ದಿನಾ ಬಚ್ಚಲು ತೊಳೆಯುವವಳಿಗೆ ಎಷ್ಟು ಹೊತ್ತು ಬೇಕು? ಸೆರಗು ಸೊಂಟಕ್ಕೆ ಸಿಗಿಸಿ ನೀರಿನ ಅಂಚಿಗೆ ಓಡಿದಳು.

"ಬಚ್ಚಲ ತೂತ ಮುಚ್ಚಿ ಕುಂತೀರಲ್ಲರೀ! ಆ ಬೂಚ ಕಿತ್ತ ಒಗೀರಿ!"

"ಬೂಚ ಕಿತ್ರ ಮುಣಗ್ತೀನೇ!"

"ಮುಣಗಂಗಿಲ್ಲರೀ! ಒಳಗಿನ ನೀರು ಹೊರಗ ಹೊಕ್ಕೈತಿ! ಕೀಳ್ರಿ!"

ಕಾಕಾ ಬೂಚಿನ ಮೇಲೆ ಕೈ ಇಟ್ಟ. ಇಟ್ಟವನು ಹಾಗೇ ಕೂತ.  ತೂತು ಹುಡುಕಿ ಹುಡುಕಿ ಮುಚ್ಚುತ್ತ ತಲೆ ಬೆಳ್ಳಗಾದವನು, ಕೆರೆಯ ನೀರಿನ ಮೇಲೆ, ತಾನು ಕೂತ ದೋಣಿಗೆ ತನ್ನ ಕೈಯಾರೆ ತೂತು ಮಾಡಬೇಕಿತ್ತು. ಅವನು ನಮ್ಮ ಕಡೆ ನೋಡಿದ. ನಮ್ಮೆಲ್ಲರನ್ನೂ ಅಲ್ಲ, ಕಾಕುವನ್ನು. ಅವಳು ಕೀಳಿ ಎಂದು ಕೈಯಲ್ಲೇ ತೋರಿಸಿದಳು. ಕಾಕಾ ಹಲ್ಲು ಕಚ್ಚಿ ಎಳೆದ.

ಗೊಳಗೊಳ ಸದ್ದು ದಂಡೆಯವರೆಗೂ ಕೇಳಿತು. ಸೊಂಟದ ನೀರು ತೊಡೆಗಿಳಿಯಿತು. ಕಾಕಾ ಬಗ್ಗಿ ನೋಡಿದ, ಇನ್ನೊಂದು ಬೂಚು ಕಿತ್ತ, ಮತ್ತೊಂದನ್ನು ಕಿತ್ತ. ದೋಣಿ ಹಗುರಾಗಿ ಮೇಲೆದ್ದು ನೆಟ್ಟಗೆ ನಿಂತಿತು. ಕೂತಲ್ಲಿ ಒಂದಿಷ್ಟು ತೇವ ಬಿಟ್ಟರೆ ನೀರೆಲ್ಲ ಹೋಗಿತ್ತು. ಕೂರುವ ಹಳ್ಳ ಕೆರೆಯ ನೀರಿಗಿಂತ ಮೇಲಿತ್ತು, ದೋಣಿಯ ಟೊಳ್ಳು ಹೊಟ್ಟೆ ಮುಚ್ಚಿಯೇ ಇತ್ತು. ಕಾಕಾ ತೂತಿನೊಳಗೆ ಬೆರಳು ತೂರಿಸಿ ಕೆಳಗಿನ ಕೆರೆಯನ್ನು ಮುಟ್ಟಿ ನೋಡಿದ. ಆಮೇಲೆ ನಗತೊಡಗಿದ. ಹೊಟ್ಟೆ ಕುಣಿಸಿಕೊಂಡು, ಟೊಪ್ಪಿಗೆ ಜಾರುವಂತೆ, ಸಣ್ಣ ಕೂಸಿನಂತೆ ನಕ್ಕ. ಕೊರಳಲ್ಲಿದ್ದ ಟ್ಯೂಬು ತೆಗೆದು ನೀರಿಗೆ ಬಿಸಾಡಿದ. ಖಾಜಾ ಭಾಯಿ ಶೇರ್ವಾನಿ ತೊಟ್ಟೇ ಕುಣಿದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನೆನಪಿಲ್ಲ, ಎರಡೂ ಇರಬೇಕು.

ಮೇಜರ್ ಸಾಹೇಬರು ಕೈಗಳನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದರು, "ಬತಾಯಿಯೇ ಸೇಠ್‌ಜೀ, ನಾವ್ ಕೈಸೀ ಹೈ?" ಈಗ ಹೇಳಿ, ದೋಣಿ ಹೇಗಿದೆ? ಮಕ್ಕಳಿಗಾಗಿ ಅಷ್ಟನ್ನೂ ಕೊಳ್ಳಲು ಅವರು ತಯಾರಿದ್ದರು. ಕಾಕಾ ಒಂದು ಮಾತು ಹೇಳಿದ್ದರೆ ವ್ಯಾಪಾರ ಮುಗಿದುಹೋಗುತ್ತಿತ್ತು.

ಕಾಕಾ ಹುಟ್ಟು ಹಾಕಿದ. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಬಿಸಿಲು ಬಿದ್ದ ನೀರಿನ ಮೇಲೆ ದೋಣಿ ಕೆರೆಯ ನಡುವಿಗೆ ಮುಖ ಮಾಡಿತು. "ಇನ್ನಾ ಪೂರ್ತಿ ನೋಡಿಲ್ಲರಿ ಸಾಬ್!" ಎಂದು ಅವನು ತಿರುಗದೆಯೇ ಕೂಗಿದ. "ಹಿಂಗ ಅರ್ಧಾ ನೋಡಿ ಮಾರಂಗಿಲ್ಲ ನಾ! ಇನ್ನೊಂದ್ ಸುತ್ತ ಹೋಗಿ ಬರ್ತೀನಿ!"

ಹಗ್ಗ ಬಿಗಿಯಾಯಿತು. ದೋಣಿ ನಿಂತಿತು. ಕಾಕಾ ಈಗ ಹಿಂತಿರುಗಿ ನೋಡಿದ.

"ಅಣ್ಣಾ, ಹಗ್ಗ ಬಿಡೋ!"

ಅಪ್ಪ ಕೈಗೆ ಸುತ್ತಿದ ಹಗ್ಗವನ್ನು ನೋಡಿದರು, ಕಾಕುವನ್ನು ನೋಡಿದರು. ಕಾಕು ರೊಟ್ಟಿಯ ಗಂಟು ಬಿಚ್ಚುತ್ತ, "ಬಿಡ್ರಿ ಭಾವಾರ. ಹಸಿವಾದ್ರ ತಾವೇ ಬರ್ತಾರ" ಎಂದಳು. ಅಪ್ಪ ಒಂದೊಂದೇ ಸುತ್ತು ಬಿಚ್ಚಿ ಹಗ್ಗ ಬಿಟ್ಟರು.